ಮಾಮಾನ ‘ಕಂಡಿಲ್ಲ’

ದಿನಾಂಕ ೮ ಅಕ್ಟೋಬರ್ ೧೯೭೮, ರವಿವಾರ. ಮುಂಜಾನೆ ಆರು ಗಂಟೆ ನಲವತ್ತು ನಿಮಿಷಕ್ಕೆ ಬರೆಯಲು ಕುಳಿತೆ. ಒಳಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದಾಳೆ; ಇಲ್ಲಿಯವರೆಗೆ ಹನ್ನೊಂದಾದವು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕುಗಳಲ್ಲಿ ಕರೆಯದೆ ಅತಿ ಹೆಚ್ಚು ಅಡಿಗೆಮನೆಗಳನ್ನು ಹೊಕ್ಕವರು ಯಾರು ಎಂದು ಯಾರಾದರೂ ಸ್ಪರ್ಧೆ ಇಟ್ಟರೆ, ಮೊದಲ ಬಹುಮಾನ ನಮ್ಮ ಮಾಮಾನಿಗೆ ಬರುತ್ತದೆ. ಎರಡನೆಯದು ಬೆಕ್ಕಿಗೆ.

ಮಾಮಾ ಕಳ್ಳನಲ್ಲ, ಹೊಟ್ಟೆಬಾಕನೂ ಅಲ್ಲ. ಅವನು ನನ್ನ ತಾಯಿಯ ಅಣ್ಣ. ಆರೋಗ್ಯ ಖಾತೆಯಲ್ಲಿ ನೌಕರಿ. ಊರೂರು ತಿರುಗಿ, ಮನೆ ಮನೆ ಹತ್ತಿಳಿದು, ಯಾರಿಗಾದರೂ ಜ್ವರ ಬಂದು ಮೈಮೇಲೆ ಗುಳ್ಳೆ ಎದ್ದಿವೆಯೇ ಎಂದು ಕೇಳಿ, ವಾರಕ್ಕೊಮ್ಮೆ ವರದಿ ಕಳಿಸುವುದು ಅವನ ಕೆಲಸವಾಗಿತ್ತು. ಸಿಡುಬು ಎಂಬ ಹೆಸರನ್ನು ನಮ್ಮ ಕಡೆ ಮನೆಯೊಳಗೆ ಯಾರೂ ಎತ್ತುವುದಿಲ್ಲ. ‘ಅವ್ವ ಬಂದಾಳ’ ಎನ್ನುತ್ತಾರೆ, ಬಾಗಿಲಿಗೆ ಬೇವಿನ ಟೊಂಗೆ ಸಿಗಿಸುತ್ತಾರೆ, ಸುಮ್ಮನಾಗುತ್ತಾರೆ. ಆ ಅವ್ವ ದೇಶ ಬಿಟ್ಟು ಹೋದಳೆಂದು ಸರ್ಕಾರ ಹೇಳಿದ ಮೇಲೂ ಮಾಮಾನ ತಿರುಗಾಟ ನಿಲ್ಲಲಿಲ್ಲ. ಹೋದವಳು ನಿಜವಾಗಿ ಹೋದಳೋ, ಯಾವುದಾದರೂ ಮನೆಯ ನಡುಮನೆಯಲ್ಲಿ ಕುಳಿತಿದ್ದಾಳೋ ಎಂದು ನೋಡುವುದೂ ಅದೇ ನೌಕರಿಯ ಭಾಗವಂತೆ. ಬಂದ ಬೀಗರನ್ನು ಹುಡುಕುವವರನ್ನು ಕಂಡಿದ್ದೇನೆ. ಹೋದವರನ್ನು ಹುಡುಕುವವನು ಇವನೊಬ್ಬನೇ!

ಎಪ್ಪತ್ನಾಲ್ಕರ ಜೂನಿನಲ್ಲಿ ನಾನು ಇಂಡಿಯ ಶಾಲೆಯೊಂದಕ್ಕೆ ಶಿಕ್ಷಕಿಯಾಗಿ ಬಂದು ಮಾಮಾನ ಮನೆಯಲ್ಲೇ ಉಳಿದೆ. ನನಗೆ ದಿನಚರಿ ಬರೆಯುವ ಚಟ, ಎಣಿಸುವ ಚಟ. ಮಾಮಾನ ಅಕ್ಷರ ಕೋಳಿ ಕೆದರಿದಂತಿತ್ತು. ಹೀಗಾಗಿ ಪ್ರತಿ ಶನಿವಾರ ಸಂಜೆ ಅವನ ವರದಿಯನ್ನು ದುಂಡಗೆ ನಕಲು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಸರ್ಕಾರದ ಕಾಗದದಲ್ಲಿ ಏಳು ಕಾಲಂ. ಮಾಮಾನ ಸ್ವಂತ ರಜಿಸ್ಟರಿನಲ್ಲಿ ಮಾತ್ರ ಎಂಟು. ಎಂಟನೆಯದನ್ನು ಅವನೇ ಸೀಸದ ಕಡ್ಡಿಯಿಂದ ಎಳೆದಿದ್ದ. ಅದಕ್ಕೆ ತಲೆಬರಹವಿರಲಿಲ್ಲ. ಕೆಳಗೆ ವಾರವಾರವೂ ಒಂದೇ ಶಬ್ದ: ‘ಕಂಡಿಲ್ಲ’.

“ಮಾಮಾ, ಇದೇನು? ಇದಕ್ಕ ಹೆಸರ ಹಾಕಿಲ್ಲಲ್ಲ?” ಎಂದು ಮೊದಲ ಶನಿವಾರವೇ ಕೇಳಿದೆ.

“ಅದು ನಿನ್ನ ಕಾಲಂ ಅಲ್ಲ ತಂಗಿ. ಏಳರ ತನಕ ಬರಿ, ಚಾ ಕುಡಿ.”

ಮಾಮಾ ಪ್ರೀತಿಯಿಂದ ನನ್ನನ್ನು ಕರೆಯುವುದೇ ತಂಗಿ ಎಂದು. ಏಳರ ತನಕ ಬರೆದೆ, ಚಹಾ ಕುಡಿದೆ. ಆದರೆ ಎಣಿಸುವವಳಿಗೆ ಹೆಸರಿಲ್ಲದ ಕಾಲಂ ಎಂದರೆ ಹಲ್ಲಿನಲ್ಲಿ ಸಿಕ್ಕ ಜೋಳದ ಸಿಪ್ಪೆ ಇದ್ದಹಾಗೆ. ನಾಲಿಗೆ ಅಲ್ಲಿಗೇ ಹೋಗುತ್ತದೆ.

ಇನ್ನು ಅತ್ತೆಯ ವಿಷಯ ಹೇಳದೆ ಮಾಮಾ ಅರ್ಥವಾಗುವುದಿಲ್ಲ. ಅತ್ತೆಯ ಮನೆಯಲ್ಲಿ ‘ಇಲ್ಲ’ ಎಂಬ ಶಬ್ದಕ್ಕೆ ಜಾಗವಿಲ್ಲ. ಉಪ್ಪು ತೀರಿದರೆ ‘ಹೆಚ್ಚಾಗೈತಿ’ ಎನ್ನಬೇಕು. ಕುಂಕುಮ ಮುಗಿದರೆ ‘ತುಂಬೈತಿ’. ಬಳೆ ಒಡೆದರೂ ‘ಹೆಚ್ಚಿದವು’. ಬಾಯಿತಪ್ಪಿ ಇಲ್ಲ ಎಂದರೆ ಮನೆಯ ಮೇಲೆ ಹಾದುಹೋಗುವ ದೇವತೆಗಳು ‘ಅಸ್ತು’ ಎಂದುಬಿಡುತ್ತಾರಂತೆ.

“ಏನ್ರಿ, ಪ್ಯಾಟಿಗಿ ಹೊಂಟೀರಿ, ಉಪ್ಪು ಹೆಚ್ಚಾಗೈತಿ.”

“ಎದರಾಗ? ಸಾರಿನ್ಯಾಗೋ, ಡಬ್ಬ್ಯಾಗೋ?”

“ಡಬ್ಬ್ಯಾಗ್ರಿ!”

“ಹೆಚ್ಚಾಗಿದ್ರ ಬಾಜೂ ಮನಿಗಿ ಕೊಡು.”

“ಶಿವನ! ಮೂವತ್ತು ವರ್ಷ ಸಂಸಾರ ಮಾಡಿದ್ರೂ ಈ ಮನಿಶ್ಯಾಗ ಹೆಚ್ಚಾಗೂದು ಅಂದ್ರ ಏನಂತ ತಿಳೀಲಿಲ್ಲ ನೋಡು!”

ಮಾಮಾನಿಗೆ ಚೆನ್ನಾಗಿ ತಿಳಿದಿತ್ತು. ಆದರೂ ಒಳಗೆ ಹೋಗಿ, ಡಬ್ಬಿಯ ಮುಚ್ಚಳ ತೆಗೆದು, ತಳಕ್ಕೆ ಬೆರಳಾಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಹೊರಗೆ ಬಂದು ಗಂಭೀರವಾಗಿ ಘೋಷಿಸುತ್ತಿದ್ದ: “ಕಂಡಿಲ್ಲ.”

ಅವನೂ ‘ಇಲ್ಲ’ ಎನ್ನುತ್ತಿರಲಿಲ್ಲ, ನೋಡಿ! ಅತ್ತೆ ದೇವತೆಗಳಿಗೆ ಅಂಜಿ ಬಿಟ್ಟಿದ್ದಳು. ಇವನು ಯಾರಿಗೆ ಅಂಜಿ ಬಿಟ್ಟಿದ್ದನೋ! ಆ ವರ್ಷದ ಶ್ರಾವಣ ಮಾಸವಿಡೀ ನಾನು ಲೆಕ್ಕ ಇಟ್ಟೆ. ಮನೆಯಲ್ಲಿ ‘ಇಲ್ಲ’ ಎಂದದ್ದು: ಅತ್ತೆ ಸೊನ್ನೆ, ಮಾಮಾ ಸೊನ್ನೆ, ನಾನು ನಲವತ್ತೊಂದು. (ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು ಬರುವ ‘ಇಲ್ಲ’ಗಳನ್ನು ಬಿಟ್ಟಿದ್ದೇನೆ. ಅವನ್ನೂ ಹಿಡಿದರೆ ನಮ್ಮ ಮನೆಯಲ್ಲಿ ಯಾರೂ ಉಳಿಯುವುದಿಲ್ಲ.)

ಬೇವಿನ ಟೊಂಗೆ ಕಂಡ ಬಾಗಿಲನ್ನು ಮಾಮಾ ಸುಮ್ಮನೆ ದಾಟಿದ್ದನ್ನು ನಾನು ನೋಡಿಲ್ಲ. ಬಾಗಿಲು ಅರ್ಧ ತೆರೆದಿತ್ತೆಂದರಂತೂ ಮುಗಿಯಿತು. ಕೆಮ್ಮುವುದೂ ಇಲ್ಲ, ಕೂಗುವುದೂ ಇಲ್ಲ, ಸೀದಾ ಒಲೆಯ ಮುಂದೆ ಹೋಗಿ ನಿಲ್ಲುತ್ತಿದ್ದ. ವರ್ಷದಲ್ಲಿ ಮುನ್ನೂರ ಅರವತ್ತನಾಲ್ಕು ದಿನ ಇದರಿಂದ ದೊಡ್ಡ ತೊಂದರೆ ಇರಲಿಲ್ಲ. ಉಳಿದ ಒಂದು ದಿನ ಯುಗಾದಿ! ಅಂದು ಯಾವ ಬಾಗಿಲಿಗೆ ಬೇವು ಇರುವುದಿಲ್ಲ? ಎಪ್ಪತ್ತೈದರ ಯುಗಾದಿಯ ಮುಂಜಾನೆ ಎಣ್ಣೆ ಹಚ್ಚಿಕೊಂಡು ನೀರಿಗೆ ಕಾಯುತ್ತಿದ್ದವನು ಓಣಿಯ ಕಡೆಗೊಮ್ಮೆ ಕಣ್ಣು ಹಾಯಿಸಿ, ಧೋತರ ಬಿಗಿದುಕೊಂಡು ಹೊರಬಿದ್ದ.

“ಇವತ್ತ ಹಬ್ಬರಿ! ಹಬ್ಬದ ಬೇವರಿ ಅದು!” ಎಂದು ಅತ್ತೆ ಬಾಗಿಲವರೆಗೆ ಓಡಿದಳು.

“ಹಬ್ಬದ ಬೇವಿನಾಗ ಬ್ಯಾನಿ ಬೇವು ಮುಚ್ಚಿಡೂದು ಭಾಳ ಸಸಾರ. ನೀ ನೀರು ಕಾಸು.”

ಮಧ್ಯಾಹ್ನ ಎರಡಕ್ಕೆ ಬಂದ. ಹೊಕ್ಕ ಮನೆಗಳು ಐವತ್ತೆಂಟು. ಹಬ್ಬದ ದಿನ ಮನೆಗೆ ಬಂದವನಿಗೆ ಬೇವು-ಬೆಲ್ಲ ಕೊಡದೆ ಕಳಿಸುವ ಊರಲ್ಲ ಇಂಡಿ. ಒಲ್ಲೆ ಎನ್ನುವ ಮನುಷ್ಯನಲ್ಲ ಮಾಮಾ. ಐವತ್ತೆಂಟು ಮನೆಯ ಬೇವು-ಬೆಲ್ಲ ಮರುದಿನ ಸಂಜೆಯವರೆಗೂ ಅವನನ್ನು ಮನೆಯ ಹಿಂದಕ್ಕೂ ಮುಂದಕ್ಕೂ ಓಡಾಡಿಸಿತು. ಅತ್ತೆ ಓಮಿನಕಾಳು ಅರೆಯುತ್ತ ಹೇಳಿದಳು: “ಬ್ಯಾನಿ ಹುಡಕಾಕ ಹೋಗಿ ಬ್ಯಾನೀನ ಹೊತ್ತಗೊಂಡ ಬಂದ್ರು.”

ಅದೇ ಬೇಸಿಗೆಯಲ್ಲಿ ನಿಡಗುಂದಿಯ ಪ್ರಕರಣ ನಡೆಯಿತು. ಮಾಮಾನಿಗೆ ಸುದ್ದಿ ತರುವವರು ಬಸ್ಸಿನ ಕಂಡಕ್ಟರರು, ಕ್ಷೌರದವರು, ಸಂತೆಯ ಬಳೆಗಾರರು. ಒಬ್ಬ ಕಂಡಕ್ಟರ್ ಹೇಳಿದನಂತೆ, ನಿಡಗುಂದಿಯಲ್ಲಿ ಇಂಥವರ ಮನೆಗೆ ಗೊಬ್ಬರ ಬಂದಿದೆ ಎಂದು. ನಮ್ಮ ಕಡೆ ಚಿಕ್ಕ ಮಕ್ಕಳಿಗೆ ಜ್ವರದ ಜೊತೆ ಮೈತುಂಬ ಕೆಂಪಗೆ ಏಳುವ ಬೇನೆಗೂ ‘ಗೊಬ್ಬರ’ ಎಂದೇ ಹೆಸರು. ಗುಳ್ಳೆ ಎಂದರೆ ಯಾವ ಗುಳ್ಳೆಯಾದರೂ ಸರಿ, ನೋಡಿಯೇ ತೀರಬೇಕೆಂಬುದು ಮಾಮಾನ ನಿಯಮ. ಸಿಕ್ಕ ಬಸ್ಸು ಹತ್ತಿ, ಉರಿಬಿಸಿಲಲ್ಲಿ ಆ ಮನೆ ಮುಟ್ಟಿದ.

“ಗೊಬ್ಬರ ಬಂದೈತಂತಲ್ಲ, ಎಲ್ಲೈತ್ರಿ?”

ಮನೆಯ ಯಜಮಾನ ಹೆಮ್ಮೆಯಿಂದ, “ಹಿತ್ತಲದಾಗ ಐತಿ, ಬರ್ರಿ.”

“ಹಿತ್ತಲದಾಗ? ಈ ಬಿಸಲಾಗ? ಬುದ್ಧಿ ಐತೇನ್ರಿ ನಿಮಗ? ಮೈಮ್ಯಾಲೆ ಏನರ ಹೊಚ್ಚೀರಿಲ್ಲೋ?”

“ಯಾಕ ಹೊಚ್ಚೂಣ್ರಿ? ಬಿಸಲು ಬಿದ್ರ ಛಲೋ.”

“ಎಷ್ಟು ದಿನಾತು?”

“ಮೊನ್ನೆ ಬಂತ್ರಿ. ಇನ್ನ ಎರಡ ಗಾಡಿ ಬರೂದೈತಿ.”

ಮಾಮಾ ನಗಲಿಲ್ಲ. ಹಿತ್ತಲಿಗೆ ಹೋದ, ತಿಪ್ಪೆಯ ಸುತ್ತ ಒಂದು ಸುತ್ತು ಹಾಕಿದ, ಮನೆಯೊಳಗಿನ ಮಕ್ಕಳನ್ನೆಲ್ಲ ಕರೆಸಿ ಅಂಗಿ ಎತ್ತಿ ನೋಡಿದ. ಆ ಶನಿವಾರ ನಾನು ನಕಲು ಮಾಡಿದ ಸಾಲು ಹೀಗಿತ್ತು: ‘ನಿಡಗುಂದಿ. ಗೊಬ್ಬರ: ನೋಡಿದೆ. ಇನ್ನೂ ಎರಡು ಗಾಡಿ ಬರುವುದಿದೆ.’

ನನ್ನ ಮದುವೆಯ ಮಾತನ್ನೂ ಇಲ್ಲಿ ಬರೆಯಲೇಬೇಕು. ಎಪ್ಪತ್ತಾರರಲ್ಲಿ ಬಾಗೇವಾಡಿ ಕಡೆಯಿಂದ ನನ್ನನ್ನು ನೋಡಲು ಒಂದು ವರ ಬಂದಿತ್ತು. ಉಪ್ಪಿಟ್ಟಾಯಿತು, ಚಹಾ ಆಯಿತು. ನಾನು ತಲೆ ತಗ್ಗಿಸಿ ಚಾಪೆಯ ಗೀರುಗಳನ್ನು ಎಣಿಸುತ್ತಿದ್ದೆ. ಹುಡುಗನ ತಂದೆ ‘ನಿಮ್ಮದೇನರ ಕೇಳೂದಿದ್ರ ಕೇಳ್ರಿ’ ಎಂದರು. ಮಾಮಾ ಎದ್ದುಹೋಗಿ ಹುಡುಗನ ಅಂಗಿಯ ತೋಳನ್ನು ಭುಜದವರೆಗೆ ಮೇಲೇರಿಸಿ ದೇವಿ ಹಾಕಿಸಿದ, ಅಂದರೆ ಸಿಡುಬಿನ ಲಸಿಕೆಯ, ಕಲೆ ಇದೆಯೇ ಎಂದು ನೋಡಿದ. ಆಮೇಲೆ ಜೇಬಿನಿಂದ, ಮೈತುಂಬ ಗುಳ್ಳೆಯೆದ್ದ ಕೂಸಿನ ಚಿತ್ರದ ಕಾರ್ಡು ತೆಗೆದು ಹುಡುಗನ ತಾಯಿಯ ಮುಂದೆ ಹಿಡಿದ.

“ನಿಮ್ಮೂರಾಗ ಹಿಂಗ ಯಾರಿಗರ ಆಗೇತೇನ್ರಿ ಅಕ್ಕಾರ?”

“ಅಯ್ಯ, ಇಲ್ರಿ!”

“ಇಲ್ಲ ಅಂದ್ರ ಹ್ಯಾಂಗ್ರಿ? ಎಷ್ಟು ಮನಿ ನೋಡೀರಿ?”

ಆ ತಾಯಿ ಕೈಯಲ್ಲಿದ್ದ ಚಹಾದ ಬಶಿಯನ್ನು ಕೆಳಗಿಟ್ಟು ಗಂಡನಿಗೆ, “ಏಳ್ರಿ, ಬಸ್ಸು ಹೋದೀತು” ಎಂದರು. ನನ್ನ ದಿನಚರಿಯಲ್ಲಿ ಅಂದು ಬರೆದದ್ದು: ‘ಈವರೆಗೆ ಬಂದ ವರಗಳು ಮೂರು, ಹೋದವು ಮೂರು, ದೇವಿಯ ಕಲೆ ಇದ್ದವು ಮೂರು.’ ಒಂದಿಷ್ಟು ಕಣ್ಣೀರು ಬಂತೇ ಹೊರತು ನಾನು ಹೆಚ್ಚು ಅಳಲಿಲ್ಲ. ನಿಜ ಹೇಳಬೇಕೆಂದರೆ ಆ ಹುಡುಗ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡಿದ್ದ, ಒಂದು ಸಲವೂ ನನ್ನ ಕಡೆ ನೋಡಿರಲಿಲ್ಲ. ಮಾಮಾನ ಭಾಷೆಯಲ್ಲಿ ಹೇಳಿದರೆ, ಅವನು ನನ್ನನ್ನು ‘ಕಂಡಿಲ್ಲ’.

ಇನ್ನೊಂದು ವಿಚಿತ್ರ. ನೌಕರರೆಲ್ಲ ವರ್ಗ ಬೇಡವೆಂದು ಸಾಹೇಬರ ಮನೆಗೆ ಅಲೆಯುತ್ತಾರೆ. ಮಾಮಾ ವರ್ಗ ಬೇಕೆಂದು ಅಲೆಯುತ್ತಿದ್ದ! ಮೊದಲು ಸಿಂದಗಿ. ಅಲ್ಲಿಂದ ಇಂಡಿ. ಮನೆ ಇಂಡಿಯಲ್ಲೇ ಬಿಟ್ಟು ಬಾಗೇವಾಡಿಗೆ ಕೇಳಿಕೊಂಡ. ಅಲ್ಲಿ ಎರಡು ವರ್ಷ ಮುಗಿಯುವ ಮೊದಲೇ ಮುದ್ದೇಬಿಹಾಳ. ಕೊನೆಗೆ ನಾಲ್ಕೂ ತಾಲೂಕಿಗೆ ತಿರುಗುವ ಹುಡುಕಾಟದ ತಂಡಕ್ಕೇ ಸೇರಿಕೊಂಡ. “ಇವರಿಗೆ ಕಾಲಾಗ ಗಾಲಿ ಅದಾವ” ಎನ್ನುತ್ತಿದ್ದಳು ಅತ್ತೆ. ಗಾಲಿ ಯಾವ ಕಡೆ ಉರುಳುತ್ತಿದೆ ಎಂದು ನಾವಿಬ್ಬರೂ ಕೇಳಲಿಲ್ಲ.

ಎಪ್ಪತ್ತಾರರ ಕೊನೆಗೆ ಪೇಚು ಬಂತು. ಎಲ್ಲ ಕಡೆಯಿಂದಲೂ ಕೊನೆಯ ಕಾಗದ ಹೋಗಬೇಕು, ಹುಡುಕಿದ ಪ್ರತಿಯೊಬ್ಬ ನೌಕರನೂ ‘ಸಿಡುಬು ಇಲ್ಲ’ ಎಂದು ಬರೆದು ಸಹಿ ಹಾಕಬೇಕು. ಎಲ್ಲರೂ ಹಾಕಿದರು. ಮಾಮಾ ಬರೆದದ್ದು: ‘ಕಂಡಿಲ್ಲ’. ಕಾಗದ ತಿರುಗಿ ಬಂತು. ಮತ್ತೆ ಅದೇ ಬರೆದ. ಮೂರನೆಯ ಸಲ ಸಾಹೇಬರೇ ಜೀಪಿನಲ್ಲಿ ನಮ್ಮ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಆದರೆ ಅಂದು ಅವರ ತಾಳ್ಮೆ ಹೆಚ್ಚಾಗಿತ್ತು. ಅತ್ತೆಯ ಅರ್ಥದಲ್ಲಿ.

“ಇಲ್ಲ ಅಂತ ಬರೀರಿ ಅಂದ್ರ ಬರೀರಿ. ಎರಡಕ್ಷರ!”

“ನಾ ಕಂಡಿಲ್ರಿ ಸಾಹೇಬ್ರ.”

“ಕಂಡಿಲ್ಲ ಅಂದ್ರ ಇಲ್ಲ ಅಂತನ ಅಲ್ಲೇನು?”

“ಅಲ್ರಿ.”

“ನೀವು ದೇವರನ್ನ ಕಂಡೀರೇನು?”

“ಕಂಡಿಲ್ರಿ. ಅದಕ್ಕ ದೇವರು ಇಲ್ಲ ಅಂತನೂ ಎಲ್ಲೂ ಬರದುಕೊಟ್ಟಿಲ್ರಿ.”

ಸಾಹೇಬರು ಕಾಗದವನ್ನು ಮಡಿಚಿ ಮಾಮಾನ ಮುಂದಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: “ನಿವೃತ್ತಿಗೆ ಎರಡು ವರ್ಷ ಉಳಿದಾವ ನಿಮಗ. ಹದಿನೈದು ದಿನದಾಗ ಸಹಿ ಬರಲಿಲ್ಲಂದ್ರ ನಾ ಅಮಾನತಿನ ಹುಕುಮು ತೆಗೀಬೇಕಾಗ್ತೈತಿ. ನನ್ನ ಕೈಲೆ ಅದನ್ನ ಮಾಡಸಬ್ಯಾಡ್ರಿ.”

ಜೀಪು ಹೋದ ಮೇಲೆ ಅತ್ತೆ ಅಡಿಗೆಮನೆಯಿಂದ ಹೊರಗೆ ಬಂದಳು. ಮೂವತ್ತು ವರ್ಷ ಕಾಪಾಡಿಕೊಂಡು ಬಂದ ನೇಮವನ್ನು ಅಂದು ಮುರಿದಳು: “ಇಲ್ಲ ಅಂತ ಬರದ ಬಿಡ್ರಿ. ನಾನ ಅನ್ನಾಕತ್ತೇನಿ. ಇಲ್ಲ. ಇಲ್ಲ. ಇಲ್ಲ.”

ನಾನು ಲೆಕ್ಕದ ಪುಸ್ತಕ ತೆಗೆಯಲಿಲ್ಲ.

“ಹದಿನೈದು ದಿನ ಕೊಟ್ಟಾರಲ್ಲ, ಸಾಕು” ಎಂದ ಮಾಮಾ. ಮರುದಿನ ಮುಂಜಾನೆಯ ಬಸ್ಸಿಗೆ ಹೊರಟ. ತನ್ನ ಪಾಲಿನ ಊರುಗಳನ್ನೆಲ್ಲ ಇನ್ನೊಮ್ಮೆ ನೋಡಿಬರುವುದು ಅವನ ಹಟ. ಹಿಂದಿಗಿಂತ ಹೆಚ್ಚು ನಡೆದ, ಕಡಿಮೆ ಮಾತಾಡಿದ. ಹನ್ನೆರಡನೆಯ ದಿನ ಒಂದೇ ಊರು ಉಳಿದಿತ್ತು. ಸಿಂದಗಿ ತಾಲೂಕಿನಲ್ಲಿ, ದೇವಣಗಾಂವದಿಂದ ಭೀಮಾ ನದಿಯ ದಂಡೆ ಹಿಡಿದು ಅರ್ಧ ತಾಸು ನಡೆದರೆ ಸಿಗುವ ಒಂದು ಚಿಕ್ಕ ವಸ್ತಿ. ಅಂದು ರವಿವಾರ. ಅವನ ಮೊಣಕಾಲು ಬಾತಿತ್ತು. ಅತ್ತೆ ಬುತ್ತಿ ಕಟ್ಟಿ ನನ್ನ ಕೈಗೆ ಕೊಟ್ಟು, “ನೀನೂ ಹೋಗು” ಎಂದಳು.

ವಸ್ತಿಯಲ್ಲಿ ಹದಿನೇಳು ಮನೆ. ಹದಿನಾರನ್ನು ಎಂದಿನಂತೆ ನೋಡಿದ: ಒಳಗೆ ಹೊಕ್ಕು, ಮಲಗಿದವರನ್ನು ಎಬ್ಬಿಸಿ, ಕಾರ್ಡು ತೋರಿಸಿ, ಬೈಸಿಕೊಂಡು. ಹದಿನೇಳನೆಯ ಮನೆಯ ಮುಂದೆ ಮಾತ್ರ ನಿಂತುಬಿಟ್ಟ. ಬಾಗಿಲು ಪೂರ್ತಿ ತೆರೆದಿತ್ತು. ಐವತ್ತೆಂಟು ಅಡಿಗೆಮನೆ ಹೊಕ್ಕ ಮನುಷ್ಯ ಹೊಸ್ತಿಲ ಹೊರಗೆ ನಿಂತು ಕೆಮ್ಮಿದ!

ಒಬ್ಬ ಹೆಣ್ಣುಮಗಳು ಹೊರಗೆ ಬಂದಳು. “ಯಾರ್ರಿ?”

“ದವಾಖಾನಿಯಿಂದ ಬಂದೇವ್ರಿ. ಒಳಗ ಬಂದು ನೋಡಬೇಕ್ರಿ.”

“ಬರ್ರೆಲ, ಅದಕ್ಕೇನ್ರಿ.”

ಒಳಗೆ ಎರಡು ಕೋಣೆ. ಮಾಮಾ ಮೂಲೆ ಮೂಲೆಗೂ ಹೋಗಿ ನಿಂತ. ಒಂದು ಕೂಸು ತೊಲೆಗೆ ಕಟ್ಟಿದ ಜೋಳಿಗೆಯಲ್ಲಿ ನಿದ್ದೆ ಮಾಡುತ್ತಿತ್ತು. ಅದರ ಕೈ, ಕಾಲು, ಹಣೆ ನೋಡಿದ. ಮೈ ನುಣ್ಣಗಿತ್ತು.

“ಮೊದಲ ಈ ಮನ್ಯಾಗ ಇದ್ದವರು ಎಲ್ಲಿ ಹ್ವಾದ್ರವ್ವಾ?”

“ಅವರಾ? ಮುದ್ದೇಬಿಹಾಳ ಕಡೆ ಹ್ವಾದ್ರು ಅಂತಾರ, ಬಾಗೇವಾಡಿ ಕಡೆ ಅಂತಾರ. ನಾವು ಬಂದ ಮ್ಯಾಲೆ ಯಾರೂ ಇತ್ತ ಬಂದಿಲ್ರಿ.”

ಮಾಮಾ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತ. ನಾನೂ ಕುಳಿತೆ. ಅವನೇ ಹೇಳತೊಡಗಿದ.

“ನೌಕರಿಗಿ ಸೇರಿದ ಹೊಸದಾಗ ತಂಗಿ, ಇದ ಕಟ್ಟಿ ಮ್ಯಾಲೆ ಕುಂತು ಬರದೇನಿ. ಬಾಗಲಕ್ಕ ಬೇವು ಇತ್ತು, ಕಂಡೆ. ಬಾಗಲಾ ಅರ್ಧಾ ತೆರದಿತ್ತು, ಅದೂ ಕಂಡೆ. ಸಣ್ಣ ವಯಸ್ಸಿನ ಹೆಣ್ಣಮಗಳು ನಿಂತಿದ್ಲು. ‘ಮನ್ಯಾಗ ಯಾರಿಗರ ಜ್ವರ?’ ಅಂದೆ. ‘ಇಲ್ರಿ’ ಅಂದ್ಲು. ಸಿಂದಗಿ ಬಸ್ಸಿಗೆ ಹೊತ್ತಾಗಿತ್ತು. ಇಲ್ಲ ಅಂತ ಬರದೆ, ಓಡಿದೆ.”

“ಆಮ್ಯಾಲೆ?”

“ಮೂರು ವಾರಕ್ಕ ತಿರುಗಿ ಬಂದೆ. ಕೂಸು ಹೋಗಿತ್ತು. ಆಜೂಬಾಜೂ ಮನ್ಯಾಗ ಇನ್ನೆರಡು. ಆಕಿ ನನ್ನ ಬೈಲಿಲ್ಲ, ಅಳಲಿಲ್ಲ. ‘ಅತ್ತಿ ಹಿಂದ ನಿಂತಿದ್ಲರಿ, ಅದಕ್ಕ ಬಾಯಿಲೆ ಇಲ್ಲ ಅಂದೆ. ನೀವು ಒಳಗ ಬರ್ತೀರಿ ಅಂತ ಬಾಗಲಾ ತೆರದ ಇಟ್ಟಿದ್ದೆ’ ಅಂದ್ಲು. ಅಷ್ಟ ಅಂದ್ಲು.”

ಕೆಳಗೆ ಭೀಮೆಯ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಆ ಸಪ್ಪಳವನ್ನು ನಾನು ಎಣಿಸುತ್ತಿದ್ದೆ. ಎಷ್ಟಾಯಿತೆಂದು ಬರೆದುಕೊಂಡಿಲ್ಲ.

“ಮಾಮಾ, ಆ ಎಂಟನೆ ಕಾಲಮಿನಾಕಿ ಸಿಕ್ಕರ ಏನ್ ಹೇಳ್ತಿ?”

“ಹೇಳೂದೇನೈತಿ? ಕೇಳೂದೈತಿ. ಕೂಸಿನ ಹೆಸರ ಕೇಳಬೇಕು. ಅವತ್ತ ಕೇಳಲಿಲ್ಲ. ಸರ್ಕಾರದ ರಜಿಸ್ಟರಿನ್ಯಾಗ ನನ್ನ ಕೈಲೆ ‘ಇಲ್ಲ’ ಅಂತ ಐತಿ.” ಅವನು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡ. “ಇತ್ತು ತಂಗಿ. ಕೂಸು ಇತ್ತು.”

ಆಮೇಲೆ ಸಾಹೇಬರ ಕಾಗದವನ್ನು ಮೊಣಕಾಲ ಮೇಲೆ ಹರಡಿಕೊಂಡು, ಕೋಳಿ ಕೆದರಿದ ಅಕ್ಷರವನ್ನು ಸಾಧ್ಯವಾದಷ್ಟು ದುಂಡಗೆ ಮಾಡಿ ಬರೆದ: ‘ಸಿಡುಬು ಇಲ್ಲ.’ ಸಹಿ ಹಾಕಿದ. ಶಾಯಿ ಆರುವವರೆಗೆ ಊದಿದ. ನಂತರ ತನ್ನ ರಜಿಸ್ಟರ್ ತೆಗೆದು ಎಂಟನೆಯ ಕಾಲಮಿನಲ್ಲಿ ಎಂದಿನ ಶಬ್ದವನ್ನೇ ಬರೆದ.

ಈ ಆಗಸ್ಟಿನಲ್ಲಿ ಮಾಮಾ ನಿವೃತ್ತನಾದ. ಕಣ್ಣಿಗೆ ಪೊರೆ ಬಂದಿದೆ, ಕಾಲಿನ ಗಾಲಿಯೂ ನಿಂತಿದೆ. ನೌಕರಿಯ ವರದಿ ಮುಗಿಯಿತು. ಆದರೆ ಶನಿವಾರ ಸಂಜೆಯಾಯಿತೆಂದರೆ ರಜಿಸ್ಟರನ್ನು ನನ್ನ ಮುಂದೆ ತಂದಿಡುತ್ತಾನೆ. ಏಳು ಕಾಲಂ ಖಾಲಿ ಬಿಟ್ಟು ಎಂಟನೆಯದನ್ನು ಈಗ ನಾನು ತುಂಬುತ್ತೇನೆ. ನಿನ್ನೆ ತುಂಬುವ ಮೊದಲು ಅವನು ಕೇಳಿದ: “ಈ ವಾರ ನೀ ಯಾರನ್ನರ ಕೇಳಿದೇನು?” ನಾನು ಯಾರನ್ನೂ ಕೇಳಿರಲಿಲ್ಲ. “ಕೇಳದ ಹ್ಯಾಂಗ ಬರೀತಿ?” ಎಂದ. ಪೆನ್ನು ಕೆಳಗಿಟ್ಟೆ. ಆ ಸಾಲು ಖಾಲಿ ಉಳಿದಿದೆ. ಅದಕ್ಕೇ ಇಂದು ಮುಂಜಾನೆ ಇದನ್ನು ಬರೆಯಲು ಕುಳಿತದ್ದು.

ಓದುವವರಲ್ಲಿ ಕೇಳುವುದಿಷ್ಟೆ. ದೇವಣಗಾಂವದ ಹತ್ತಿರದ ಹೊಳೆದಂಡೆಯ ವಸ್ತಿಯಿಂದ ವರ್ಷಗಳ ಹಿಂದೆ ಮುದ್ದೇಬಿಹಾಳ ಇಲ್ಲವೆ ಬಾಗೇವಾಡಿ ಕಡೆಗೆ ಹೋದ, ಸಿಡುಬಿನಲ್ಲಿ ಕೂಸನ್ನು ಕಳೆದುಕೊಂಡ ಒಬ್ಬ ತಾಯಿ ನಿಮ್ಮ ಓಣಿಯಲ್ಲಿರಬಹುದು. ಈಗ ಆಕೆಗೆ ನಲವತ್ತರ ಸುಮಾರು ಇದ್ದೀತು. ಗೊತ್ತಿದ್ದವರು ದಯವಿಟ್ಟು ಇದು ಅಚ್ಚಾಗುವ ಪತ್ರಿಕೆಯ ಮೂಲಕ ನನಗೊಂದು ಕಾಗದ ಹಾಕಿರಿ. ಆಕೆಯ ವಿಳಾಸ ಗೊತ್ತಿರದಿದ್ದರೂ ಅಡ್ಡಿಯಿಲ್ಲ, ಕೂಸಿನ ಹೆಸರೊಂದು ಗೊತ್ತಿದ್ದರೆ ಅದನ್ನಷ್ಟೇ ಬರೆಯಿರಿ. ‘ನಮಗೆ ಗೊತ್ತಿಲ್ಲ’ ಎಂದು ಬರೆಯುವವರು ಮೊದಲು ನೆರೆಮನೆಯಲ್ಲೊಮ್ಮೆ ಕೇಳಿ ನೋಡಿ ಬರೆಯಬೇಕು.

ಎಂಟು ಗಂಟೆ ಹತ್ತು ನಿಮಿಷ. ರೊಟ್ಟಿ ಇಪ್ಪತ್ತಾರು. ಬಾಗಿಲು ತೆರೆದೇ ಇದೆ.